‘ಕಷ್ಟಕ್ಕೆ ಹುಟ್ಟಿದ’ ಸಹೋದರ: ಇಲ್ಲಿ ‘ಹುಟ್ಟು’ ಸಲ್ಲುತ್ತದೆಯೇ?

ಆತ್ಮೀಯರೇ,

ಬೈಬಲಿನ ಜ್ಞಾನೋಕ್ತಿಗಳ 17ನೇ ಅಧ್ಯಾಯದ 17ನೇ ವಚನವು ಗೆಳೆಯನು ಎಲ್ಲ ಕಾಲದಲ್ಲೂ ಪ್ರೀತಿಸುತ್ತಾನೆ ಎಂದು ಹೇಳಿ, ಅದರ ಬೆನ್ನಿಗೇ ಸಹೋದರನ ಮಾತನ್ನು ಎತ್ತುತ್ತದೆ. ಈ ಎರಡನೆಯ ಭಾಗವನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂಬುದು ನನ್ನ ಪ್ರಶ್ನೆ. ಹೀಬ್ರೂ ಮೂಲದ ‘ಲೆ-ತ್ಸಾರಾ’ ಎಂಬಲ್ಲಿ ‘ತ್ಸಾರಾ’ ಎಂದರೆ ಕಷ್ಟ; ‘ಲೆ’ ಹೆಚ್ಚುಕಡಿಮೆ ನಮ್ಮ ಚತುರ್ಥೀ ವಿಭಕ್ತಿಯ (‘-ಕ್ಕೆ’, ‘-ಗೆ’) ಕೆಲಸವನ್ನೇ ಮಾಡುವುದರಿಂದ, ‘ಸಹೋದರನು ಕಷ್ಟಕ್ಕೆ ಹುಟ್ಟುತ್ತಾನೆ’ ಎಂದರೆ ಸಾಕೆಂದು ನಾನು ತಿಳಿದಿದ್ದೆ.

ಕಳೆದ ಮಳೆಗಾಲದಲ್ಲಿ ಕಾರವಾರದ ಕೋಡಿಬಾಗದ ನೆರೆಮನೆಯೊಂದರ ಪ್ರಾರ್ಥನೆಯಲ್ಲಿ ಹಾಗೆಯೇ ಓದಿದೆ. ಆ ಮನೆಯ ಅಜ್ಜಿ ಜಪಮಾಲೆಯ ಮಣಿಯನ್ನು ಬೆರಳಲ್ಲೇ ನಿಲ್ಲಿಸಿ, “ಪಾಪ, ಕಷ್ಟಪಡೋದಕ್ಕೇ ಹುಟ್ಟಿದನೇನು ಅವನು?” ಎಂದು ಕೇಳಿದರು. ಅವರು ಕೇಳಿಸಿಕೊಂಡದ್ದರಲ್ಲಿ ತಪ್ಪಿಲ್ಲ. ಯಾಂತ್ರಿಕ ದೋಣಿಗಳು ದಡ ಸೇರುವ ಜೂನ್, ಜುಲೈ ತಿಂಗಳಲ್ಲಿ ಅವರ ಮಗನಿಗೆ ದುಡಿಮೆಯಿರಲಿಲ್ಲ. ದೋಣಿಯ ಜೊತೆಗಾರನೊಬ್ಬ ತನ್ನ ಮನೆಯ ಅಕ್ಕಿಯಲ್ಲಿ ಅರ್ಧವನ್ನು ತಂದು ಇವರ ಅಡುಗೆಮನೆಯಲ್ಲಿ ಇಟ್ಟುಹೋಗಿದ್ದ. ಅವನನ್ನು ನೆನೆದು ಅಜ್ಜಿ ಹೇಳಿದ್ದು “ಕಷ್ಟಕ್ಕೆ ಆದವ ಅವನೇ” ಎಂದು. ವಿಭಕ್ತಿ ಒಂದೇ ಆದರೂ ‘ಕಷ್ಟಕ್ಕೆ ಹುಟ್ಟಿದವನು’ ನೋಯುವವನು, ‘ಕಷ್ಟಕ್ಕೆ ಆದವನು’ ನೆರವಾಗುವವನು. ‘ಆಪತ್ತಿಗಾದವನೇ ನೆಂಟ’ ಎಂಬ ಗಾದೆಯಲ್ಲಿರುವುದೂ ಈ ‘ಆಗು’ ಧಾತುವೇ. ಹಾಗಾಗಿ ‘ಕಷ್ಟಕ್ಕೆ ಆಗಲೆಂದೇ ಹುಟ್ಟಿದವನು ಸಹೋದರ’ ಎಂಬ ರೂಪವು ನನಗೆ ಹೆಚ್ಚು ಸರಿಯೆನಿಸುತ್ತದೆ. ಕಷ್ಟಕಾಲದಲ್ಲಿ ಗೆಳೆಯನೇ ಸಹೋದರನಾಗಿ ಹುಟ್ಟುತ್ತಾನೆ ಎಂದು ಈ ವಚನವನ್ನು ಓದುವವರೂ ಇದ್ದಾರೆ. ಆ ಅರ್ಥವನ್ನು ಒಪ್ಪಿದರೆ ‘ಹುಟ್ಟು’ ಉಳಿಯಲೇಬೇಕಾಗುತ್ತದೆ.

‘ತ್ಸಾರಾ’ ಪದದ ಮೂಲದಲ್ಲಿ ಇಕ್ಕಟ್ಟಾದ ಜಾಗದ ಭಾವವಿದೆ. ಸಂಸ್ಕೃತದ ‘ಸಂಕಟ’ಕ್ಕೂ ಕಿರಿದಾದದ್ದು ಎಂಬ ಅರ್ಥವಿರುವುದರಿಂದ ಅದು ಚೆನ್ನಾಗಿ ಹೊಂದುತ್ತದೆ. ನಮ್ಮ ‘ಇಕ್ಕಟ್ಟು’ ಇನ್ನೂ ಹತ್ತಿರದ್ದು, ಆದರೆ ಇಂದಿನ ಬಳಕೆಯಲ್ಲಿ ಅದು ಏನು ಮಾಡಲೂ ತೋಚದ ಪೇಚಿನ ಕಡೆಗೆ ವಾಲಿರುವುದರಿಂದ ನಾನು ‘ಸಂಕಟ’ವನ್ನೇ ಆರಿಸುತ್ತೇನೆ.

ಉಳಿದದ್ದು ಗಾದೆಯಲ್ಲಿನ ‘ನೆಂಟ’; ಅದು ಗೆಳೆಯನಿಗೂ ಸಲ್ಲುತ್ತದೆಯೇ? ಜ್ಞಾನೋಕ್ತಿಗಳ 18ನೇ ಅಧ್ಯಾಯದ 24ನೇ ವಚನದಲ್ಲಿ ಸಹೋದರನಿಗಿಂತಲೂ ಹತ್ತಿರವಾಗಿ ಅಂಟಿಕೊಳ್ಳುವ ಗೆಳೆಯನೊಬ್ಬ ಬರುತ್ತಾನೆ. ಬೈಬಲಿನ ರೂತಳ ಕಥೆಯಲ್ಲಿ ಅವಳು ಅತ್ತೆ ನವೊಮಿಯನ್ನು ಬಿಡದೆ ಅಂಟಿಕೊಂಡಳು ಎನ್ನುವಲ್ಲಿ ಇರುವುದೂ ಅದೇ ಹೀಬ್ರೂ ಧಾತು. ನಮ್ಮ ‘ನಂಟು’ ತಮಿಳಿನ ‘ನಟ್ಪು’ವಿನ ಬಳಗದ ಪದ, ಅಲ್ಲಿ ಅದಕ್ಕೆ ಗೆಳೆತನ ಎಂದೇ ಅರ್ಥ. ಕಾರವಾರದ ಸುತ್ತ ನಾನು ಕೇಳಿರುವಂತೆ ‘ನೆಂಟರು’ ಎಂದರೆ ಸಂಬಂಧಿಕರು ಮಾತ್ರ. ಅಂಕೋಲಾ, ಕುಮಟಾ, ಶಿರಸಿಯ ಕಡೆ ರಕ್ತಸಂಬಂಧವಿಲ್ಲದ ಗೆಳೆಯನನ್ನೂ ‘ನೆಂಟ’ ಎಂದು ಕರೆಯುವುದನ್ನು ಯಾರಾದರೂ ಕೇಳಿದ್ದರೆ, ಆ ವಾಕ್ಯವನ್ನು ಆಡಿದ ಹಾಗೆಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.