ಸಹಾಯ ಬೇಕು: ಗೋಡೆಯಿಂದ ಕ್ಯಾನ್ವಾಸ್‌ಗೆ ಬರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಬೀದಿ ಗೋಡೆಗಳ ಮೇಲೆ ಗ್ರಾಫಿಟಿ ಮಾಡುತ್ತಿದ್ದೇನೆ. ಈಗ ಒಂದು ಗ್ಯಾಲರಿಯವರು ಪ್ರದರ್ಶನಕ್ಕೆ ಕರೆದಿದ್ದಾರೆ. ಹತ್ತು ಚಿತ್ರ ಬೇಕಂತೆ, ನಾಲ್ಕು ತಿಂಗಳು ಟೈಮ್ ಇದೆ. ಖುಷಿಯಾಗಿದೆ, ಭಯವೂ ಅಷ್ಟೇ ಇದೆ.

ಗೋಡೆ ಮೇಲೆ ಇಡೀ ತೋಳು ಬೀಸಿ ಗೆರೆ ಎಳೆದು ನನಗೆ ಅಭ್ಯಾಸ. ಮೂರು ಅಡಿ ಕ್ಯಾನ್ವಾಸ್ ಮುಂದೆ ನಿಂತರೆ ಮಣಿಕಟ್ಟು ಮಾತ್ರ ಆಡುತ್ತದೆ, ಗೆರೆಯಲ್ಲಿ ಜೀವವೇ ಇರುವುದಿಲ್ಲ. ಸ್ಪ್ರೇ ಡಬ್ಬಿಗೆ ಸಣ್ಣ ಕ್ಯಾಪ್ (ಬಣ್ಣ ಚಿಮ್ಮುವ ಮೂತಿ) ಹಾಕಿ ನೋಡಿದೆ. ಗೆರೆ ತೆಳ್ಳಗಾಯಿತು, ಅಷ್ಟೇ. ಸಿಮೆಂಟಿನ ಒರಟು, ಹರಿದ ಪೋಸ್ಟರಿನ ಚೂರು, ಮಳೆಯ ಕಲೆ, ಇವೆಲ್ಲ ನನ್ನ ಚಿತ್ರದಲ್ಲಿ ಅರ್ಧ ಕೆಲಸ ಮಾಡುತ್ತಿದ್ದವು. ಬಿಳಿ ಬಟ್ಟೆಯಲ್ಲಿ ಅದೇನೂ ಇಲ್ಲ ಅಲ್ವಾ? ಸುಮ್ನೆ ಗೋಡೆಯನ್ನೇ ನಕಲು ಮಾಡಲು ಮನಸ್ಸಿಲ್ಲ.

ಅಮೆರಿಕದ ಕಲಾವಿದ ಕೀತ್ ಹ್ಯಾರಿಂಗ್ ನ್ಯೂಯಾರ್ಕಿನ ಸಬ್‌ವೇ (ನೆಲದಡಿಯ ರೈಲು) ನಿಲ್ದಾಣಗಳಲ್ಲಿ, ಖಾಲಿ ಜಾಹೀರಾತು ಜಾಗದ ಕಪ್ಪು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸುತ್ತಿದ್ದರು. 1982ರಲ್ಲಿ ಅವರ ಗ್ಯಾಲರಿ ಪ್ರದರ್ಶನ ದೊಡ್ಡ ಸುದ್ದಿಯಾಯಿತು. ಆಮೇಲೂ ಅವರು ಸಬ್‌ವೇ ಬಿಡಲಿಲ್ಲ. ನನಗೂ ಹಾಗೆ ಎರಡೂ ಕಡೆ ಇರುವ ಆಸೆ.

ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ. ಸ್ಪ್ರೇಗೆ ಕ್ಯಾನ್ವಾಸ್ ಒಳ್ಳೆಯದಾ, ಮರದ ಹಲಗೆಯಾ? ಗೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಎಷ್ಟು ಕೋಟ್ ಬೇಕು? ಮೇಲೆ ವಾರ್ನಿಶ್ ಹೊಡೆದರೆ ಕೆಳಗಿನ ಬಣ್ಣ ಸುಕ್ಕಾಗುತ್ತದಾ? ಇನ್ನೊಂದು, ಮಾರಾಟದ ಅರ್ಧ ಹಣ ಗ್ಯಾಲರಿಗೆ ಅಂತಿದ್ದಾರೆ. ಒಪ್ಪಂದದಲ್ಲಿ ಏನೇನು ಬರೆಸಿಕೊಳ್ಳಬೇಕು? ಎಲ್ಲಕ್ಕಿಂತ ಜಾಸ್ತಿ ಕಾಡುವುದು ಆ ತೋಳಿನ ಬೀಸು. ಅದನ್ನು ನೀವು ಹೇಗೆ ಉಳಿಸಿಕೊಂಡಿರಿ?