ಸಹಾಯ ಬೇಕು: ಥ್ರೆಡೆಡ್ ರಾಡ್ ಯಾವುದು ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಪಂಪ್ ರೂಮಿನ ಸ್ಲ್ಯಾಬ್ ಕೆಳಗೆ ನೀರಿನ ಪೈಪ್‌ಗಳನ್ನು ತೂಗುಹಾಕಬೇಕು. ಎಂ12 ರಾಡ್ (12 ಮಿ.ಮೀ. ವ್ಯಾಸದ, ಉದ್ದಕ್ಕೂ ಥ್ರೆಡ್ ಇರುವ ಕಂಬಿ) ಅಂತ ಡ್ರಾಯಿಂಗ್‌ನಲ್ಲಿದೆ, ಗ್ರೇಡ್ (ಉಕ್ಕಿನ ಬಲದ ದರ್ಜೆ) ಬರೆದಿಲ್ಲ. ಕೇಳಿದರೆ "ಯಾವುದಾದ್ರೂ ಹಾಕಿ" ಅಂತಾರೆ!

4.6 ಗ್ರೇಡ್‌ನ ಯೀಲ್ಡ್ (ರಾಡ್ ಶಾಶ್ವತವಾಗಿ ಹಿಗ್ಗಲು ಶುರುವಾಗುವ ಒತ್ತಡ) 240 ಮೆಗಾಪಾಸ್ಕಲ್, 8.8ರದ್ದು 640. ಪೈಪ್ ಭಾರಕ್ಕೆ 4.6 ಸಾಕು ಅನಿಸುತ್ತದೆ. ಆಂಕರ್ (ರಾಡನ್ನು ಸ್ಲ್ಯಾಬ್‌ಗೆ ಕಚ್ಚಿಸುವ ಭಾಗ) ಹಿಡಿದಿರುವ ಕಾಂಕ್ರೀಟೇ ಮೊದಲು ಬಿಟ್ಟುಕೊಡುವುದಾದರೆ 8.8 ಹಾಕಿ ಏನು ಲಾಭ, ಅಲ್ವಾ? ಆದರೆ ಪಂಪ್ ಕಂಪನ ಜಾಸ್ತಿ ಇದೆ. ಅದಕ್ಕೆ ಡಬಲ್ ನಟ್ ಸಾಕಾ, ನೈಲಾನ್ ಲಾಕ್ ನಟ್ ಬೇಕಾ?

ನನಗೆ ದೊಡ್ಡ ತಲೆನೋವು ತುಕ್ಕಿನದು. ಜಾಗ ಯಾವಾಗಲೂ ಒದ್ದೆ, ಗಾಳಿಯಲ್ಲಿ ಕ್ಲೋರಿನ್ ವಾಸನೆ ಬೇರೆ. ತೆಳು ಜಿಂಕ್ ಪ್ಲೇಟಿಂಗ್ ಇಲ್ಲಿ ಬಾಳುವುದಿಲ್ಲ. ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಜಿಂಕ್‌ನಲ್ಲಿ ಅದ್ದುವುದು) ಮಾಡಿದರೆ ಥ್ರೆಡ್ ದಪ್ಪವಾಗುತ್ತದೆ, ಮಾಮೂಲಿ ನಟ್ ಹತ್ತುವುದಿಲ್ಲ. ಥ್ರೆಡ್ ಸ್ವಲ್ಪ ದೊಡ್ಡದಾಗಿ ಟ್ಯಾಪ್ ಮಾಡಿದ ನಟ್ ಬೇಕು. ಕತ್ತರಿಸಿದ ತುದಿಗೆ ಜಿಂಕ್ ಪೇಂಟ್ ಬಳಿಯುವ ಕೆಲಸವೂ ಇದೆ. 316 ಸ್ಟೇನ್‌ಲೆಸ್ (ತುಕ್ಕನ್ನು ಚೆನ್ನಾಗಿ ತಡೆಯುವ ಒಂದು ಬಗೆಯ ಸ್ಟೀಲ್) ಹಾಕೋಣ ಅಂದರೆ ಬಿಗಿ ಮಾಡುವಾಗ ನಟ್ ಕಚ್ಚಿಕೊಳ್ಳುವ ಭಯ. ಆಂಟಿ ಸೀಜ್ ಪೇಸ್ಟ್ ಹಚ್ಚಿದರೆ ನಿಜಕ್ಕೂ ತಪ್ಪುತ್ತದಾ?

ಇಂಥ ಜಾಗದಲ್ಲಿ ಕೆಲಸ ಮಾಡಿದವರು ಯಾವುದು ಹಾಕಿದಿರಿ, ಎಷ್ಟು ವರ್ಷ ಬಾಳಿತು ಅಂತ ದಯವಿಟ್ಟು ತಿಳಿಸಿ.