ಕನ್ವರ್ಟಿಬಲ್ ಕಾರಿಗೆ ಕೂಪೆಯ ಲೋವರಿಂಗ್ ಸ್ಪ್ರಿಂಗ್ ಹಾಕಬಹುದಾ?

ಪ್ರಶ್ನೆ: ಸರ್, ನನ್ನದು ನಾಲ್ಕು ಸೀಟಿನ ಕನ್ವರ್ಟಿಬಲ್. ಮಡಚುವ ಗಟ್ಟಿ ರೂಫ್ ಇದೆ. ಟೈರಿಗೂ ಫೆಂಡರಿಗೂ ನಡುವೆ ಗ್ಯಾಪ್ ಜಾಸ್ತಿ, ನೋಡೋಕೆ ಚೆನ್ನಾಗಿಲ್ಲ. ಇದೇ ಮಾಡೆಲಿನ ಕೂಪೆಗೆ (ರೂಫ್ ತೆರೆಯದ, ಎರಡು ಬಾಗಿಲಿನ ಕಾರು) 40 ಮಿ.ಮೀ. ಇಳಿಸುವ ಸ್ಪ್ರಿಂಗ್ ಸೆಟ್ ಸುಲಭವಾಗಿ ಸಿಗುತ್ತಿದೆ. ಅದನ್ನೇ ಹಾಕಿಸಲಾ? ಶಾಕ್ ಅಬ್ಸಾರ್ಬರ್ ಈಗಿರುವುದೇ ಇರಲಿ ಅಂದುಕೊಂಡಿದ್ದೇನೆ.

ಉತ್ತರ: ಬೇಡಿ ಸರ್. ಆ ಸ್ಪ್ರಿಂಗ್ ಜಾಗಕ್ಕೆ ಸರಿಯಾಗಿ ಕೂರಬಹುದು, ಆದರೆ ಕಾರು ಸರಿಯಾದ ಎತ್ತರದಲ್ಲಿ ನಿಲ್ಲುವುದಿಲ್ಲ.

ರೂಫ್ ತೆಗೆದ ಬಾಡಿ ತಿರುಚಿಕೊಳ್ಳುತ್ತದೆ. ಅದನ್ನು ತಡೆಯಲು ಬಾಗಿಲ ಕೆಳಗಿನ ಸಿಲ್, ಫ್ಲೋರ್, ವಿಂಡ್‌ಸ್ಕ್ರೀನ್ ಫ್ರೇಮ್ ಎಲ್ಲವನ್ನೂ ಕಂಪನಿಯವರು ದಪ್ಪ ಮಾಡಿರುತ್ತಾರೆ. ರೂಫ್ ಮಡಚುವ ಸಾಮಾನಿನ ಭಾರ ಬೇರೆ. ಬಿಎಂಡಬ್ಲ್ಯು 3 ಸರಣಿಯ ಇ93 ಕನ್ವರ್ಟಿಬಲ್ ಅದರದೇ ಕೂಪೆಗಿಂತ ಸುಮಾರು 200 ಕೆ.ಜಿ. ಹೆಚ್ಚು ತೂಗುತ್ತದೆ. ಈ ಹೆಚ್ಚಿನ ಭಾರದಲ್ಲಿ ದೊಡ್ಡ ಪಾಲು ಹಿಂದಿನ ಚಕ್ರಗಳ ಮೇಲೆ. ರೂಫ್ ಮಡಚಿ ಡಿಕ್ಕಿಯೊಳಗೆ ಹೋದರೆ ಇನ್ನೂ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ.

ಒಂದು ಲೆಕ್ಕ ಹಾಕೋಣ. ಹಿಂದೆ ಒಂದೊಂದು ಬದಿಗೆ 60 ಕೆ.ಜಿ. ಜಾಸ್ತಿ ಅಂದುಕೊಳ್ಳಿ, ಅಂದರೆ ಸುಮಾರು 590 ನ್ಯೂಟನ್. ಚಕ್ರದ ಹತ್ತಿರ ಸ್ಪ್ರಿಂಗಿನ ಬಿಗಿ ಮಿ.ಮೀ.ಗೆ 30 ನ್ಯೂಟನ್ ಇದ್ದರೆ, ಹಿಂಭಾಗ ಇನ್ನೂ 20 ಮಿ.ಮೀ.ಯಷ್ಟು ಕುಸಿಯುತ್ತದೆ. ನೀವು ಕೇಳಿದ್ದು 40, ಸಿಗುವುದು 60. ಅದೂ ಹಿಂದೆ ಮಾತ್ರ. ಮೂತಿ ಮೇಲೆ, ಬಾಲ ಕೆಳಗೆ!

ಆದ್ದರಿಂದ ಕಾರಿನ ಹೆಸರು ನೋಡಿ ಕೊಳ್ಳಬೇಡಿ, ಆಕ್ಸಲ್ ಭಾರ ನೋಡಿ ಕೊಳ್ಳಿ. ಐಬಾಕ್, ಎಚ್ ಅಂಡ್ ಆರ್ ತರಹದ ಸ್ಪ್ರಿಂಗ್ ತಯಾರಕರ ಪಟ್ಟಿಯಲ್ಲಿ ಮುಂದಿನ ಆಕ್ಸಲ್ ಎಷ್ಟು ಕೆ.ಜಿ. ತನಕ, ಹಿಂದಿನದು ಎಷ್ಟರ ತನಕ ಅಂತ ಬರೆದಿರುತ್ತದೆ. ನಿಮ್ಮ ಕಾರಿನ ಅಂಕಿ ಸಾಮಾನ್ಯವಾಗಿ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪ್ರಶ್ನೆ: ನೋಡಿದೆ ಸರ್. ಕನ್ವರ್ಟಿಬಲ್‌ಗೇ ಅಂತ ಬೇರೆ ಪಾರ್ಟ್ ನಂಬರ್ ಇದೆ. ಆದರೆ ಅದರಲ್ಲಿ ಬರೀ 25 ಮಿ.ಮೀ. ಇಳಿಯುತ್ತದಂತೆ. ಕಡಿಮೆ ಆಯ್ತಲ್ವಾ?

ಉತ್ತರ: ನನ್ನ ಕೇಳಿದರೆ ಕನ್ವರ್ಟಿಬಲ್‌ಗೆ 25 ಸಾಕು. ಫೋಟೋದಲ್ಲಿ ಕಡಿಮೆ ಅನ್ನಿಸಬಹುದು. ಕಾರಿನ ಪಕ್ಕ ನಿಂತರೆ ವ್ಯತ್ಯಾಸ ಗೊತ್ತಾಗುತ್ತದೆ.

ಇಳಿಸಿದಷ್ಟೂ ಚಕ್ರ ಮೇಲೇಳುವ ಜಾಗ ಕಡಿಮೆ. ಬಂಪ್ ಸ್ಟಾಪ್ (ಚಕ್ರ ತೀರಾ ಮೇಲೇರದಂತೆ ತಡೆಯುವ ರಬ್ಬರ್) ಮುಟ್ಟಲು ಮೊದಲು 60 ಮಿ.ಮೀ. ಇತ್ತು ಅಂದರೆ 40 ಇಳಿಸಿದ ಮೇಲೆ ಉಳಿಯುವುದು 20. ಹಿಂದೆ ಇಬ್ಬರು ಕೂತರೆ ಅದೂ ಮುಗಿಯಿತು. ಆಮೇಲೆ ಕಾರು ನಿಂತಿರುವುದು ಸ್ಪ್ರಿಂಗ್ ಮೇಲಲ್ಲ, ರಬ್ಬರ್ ಮೇಲೆ. ಪ್ರತಿ ಗುಂಡಿಯ ಏಟೂ ನೇರ ಬಾಡಿಗೆ. ಕೂಪೆ ಅದನ್ನು ಹೇಗೋ ತಡೆದುಕೊಳ್ಳುತ್ತದೆ. ಕನ್ವರ್ಟಿಬಲ್‌ನಲ್ಲಿ ಡ್ಯಾಶ್‌ಬೋರ್ಡ್ ನಡುಗುತ್ತದೆ, ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗಿ ಕಾಣುತ್ತದೆ, ಬಾಗಿಲ ರಬ್ಬರ್ ಕಿರ್ ಅನ್ನುತ್ತದೆ.

ಹಾಕಿಸುವ ಮೊದಲೇ ಒಂದು ಪರೀಕ್ಷೆ ಮಾಡಿ. ರೂಫ್ ತೆರೆದು, ಬೇರೆಯವರಿಗೆ ಓಡಿಸಲು ಕೊಟ್ಟು, ನೀವು ಪಕ್ಕದ ಸೀಟಿನಲ್ಲಿ ಕೂರಿ. ಬಾಗಿಲ ಹಿಂದಿನ ಅಂಚು ಬಾಡಿಗೆ ಸೇರುವ ಗೆರೆಯ ಮೇಲೆ ಬೆರಳು ಅಡ್ಡ ಇಡಿ. ನಿಧಾನವಾಗಿ ಹಂಪನ್ನು ಓರೆಯಾಗಿ ದಾಟಿಸಿ. ಎರಡು ಕಡೆಯ ತಗಡು ಬೇರೆ ಬೇರೆಯಾಗಿ ಅಲುಗುವುದು ಬೆರಳಿಗೇ ಗೊತ್ತಾಗುತ್ತದೆ. ಈಗಲೇ ಜೋರಾಗಿ ಅಲುಗಿದರೆ ಬಿಗಿ ಸ್ಪ್ರಿಂಗಿನ ಆಸೆ ಬಿಡಿ.

ಶಾಕ್ ವಿಷಯ: ಹೆಚ್ಚು ಓಡಿದ ಶಾಕ್ ಆಗಿದ್ದರೆ ಸ್ಪ್ರಿಂಗ್ ಜೊತೆಗೇ ಬದಲಾಯಿಸಿ. ಸೋತ ಶಾಕಿಗೆ ಬಿಗಿ ಸ್ಪ್ರಿಂಗ್ ಹಾಕಿದರೆ ಕಾರು ಕುಣಿಯುವುದು ನಿಲ್ಲುವುದಿಲ್ಲ. ಹೇಗೂ ಒಂದೇ ಸಲ ಬಿಚ್ಚುವುದು, ಕೂಲಿಯೂ ಉಳಿಯುತ್ತದೆ.

ಮತ್ತೊಬ್ಬರು: ಸುಮ್ನೆ ಇರುವ ಸ್ಪ್ರಿಂಗ್‌ನಲ್ಲೇ ಒಂದು ಸುತ್ತು ಕಟ್ ಮಾಡಿಸಿದರೆ ಆಗಲ್ವಾ?

ಉತ್ತರ: ಆಗಲ್ಲ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಬಿಗಿಯಾಗುತ್ತದೆ, ಆದರೆ ಎಷ್ಟು ಅಂತ ಯಾರೂ ಲೆಕ್ಕ ಹಾಕಿರುವುದಿಲ್ಲ. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಚಕ್ರ ಪೂರ್ತಿ ಕೆಳಗೆ ಜೋತಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು. ಗ್ಯಾಸ್ ಟಾರ್ಚಿನಿಂದ ಕಾಯಿಸಿ ಕುಗ್ಗಿಸುವವರೂ ಇದ್ದಾರೆ. ಅದು ಇನ್ನೂ ಅಪಾಯ, ಉಕ್ಕಿನ ಹದವೇ ಹೋಗುತ್ತದೆ.

ಇನ್ನೊಬ್ಬರು: ನನ್ನದು ಮಜ್ದಾ ಎಂಎಕ್ಸ್-5. ನನಗೂ ಈ ಕೂಪೆ ಸಮಸ್ಯೆ ಇದೆಯಾ?

ಉತ್ತರ: ಇಲ್ಲ. ಅದು ಹುಟ್ಟಿದ್ದೇ ರೋಡ್‌ಸ್ಟರ್ (ರೂಫ್ ತೆರೆಯುವ ಎರಡು ಸೀಟಿನ ಕಾರು) ಆಗಿ, ಸ್ಪ್ರಿಂಗ್ ಲೆಕ್ಕವೂ ಅದಕ್ಕೆ ತಕ್ಕಂತೆಯೇ. ನಿಮ್ಮದು ಗಟ್ಟಿ ರೂಫಿನ ಆರ್‌ಎಫ್ ಆಗಿದ್ದರೆ ಮಾತ್ರ ಪಾರ್ಟ್ ನಂಬರ್ ಎರಡು ಸಲ ನೋಡಿ. ಬಟ್ಟೆ ರೂಫಿನದಕ್ಕಿಂತ ಅದು ತುಸು ಭಾರ.

ಪ್ರಶ್ನೆ: ಸರಿ ಸರ್, 25ರದ್ದೇ ತರಿಸುತ್ತೇನೆ. ಹಾಕಿಸುವಾಗ ಏನು ಗಮನಿಸಬೇಕು?

ಉತ್ತರ: ಬಿಚ್ಚುವ ಮೊದಲು ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನ ತನಕ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ರೂಫ್ ಮುಚ್ಚಿ ಒಂದು ಸಲ, ಮಡಚಿ ಒಂದು ಸಲ.

ಕಾರು ಜ್ಯಾಕ್ ಮೇಲಿರುವಾಗ ರೂಫ್ ಆಡಿಸಬೇಡಿ, ಬಾಗಿಲನ್ನೂ ಬಡಿಯಬೇಡಿ. ಬಾಡಿ ಸ್ವಲ್ಪ ಬಾಗಿರುತ್ತದೆ, ಲಾಕ್ ಸರಿಯಾಗಿ ಸೇರುವುದಿಲ್ಲ.

ಮುಖ್ಯವಾಗಿ, ಚಕ್ರವನ್ನು ಬಾಡಿಗೆ ಜೋಡಿಸುವ ಸಸ್ಪೆನ್ಷನ್ ಆರ್ಮ್‌ಗಳ ರಬ್ಬರ್ ಬುಶ್ ಬೋಲ್ಟ್‌ಗಳನ್ನು ಚಕ್ರ ಜೋತಾಡುವಾಗ ಪೂರ್ತಿ ಬಿಗಿಯಬಾರದು. ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆತುರದ ಗ್ಯಾರೇಜುಗಳು ಬಿಟ್ಟುಬಿಡುವುದು ಇದನ್ನೇ. ಪಕ್ಕದಲ್ಲಿ ನಿಂತು ಕೇಳಿ, ಬೈದುಕೊಂಡರೂ ಪರವಾಗಿಲ್ಲ.

ಕೆಲವು ದಿನ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಹೆಡ್‌ಲೈಟ್ ತಾನೇ ಏರಿಳಿಯುವ ಕಾರಾಗಿದ್ದರೆ ಅದರ ಸೆನ್ಸರ್ ಸಸ್ಪೆನ್ಷನ್ ಆರ್ಮ್‌ಗೆ ಜೋಡಿಸಿರುತ್ತದೆ. ಅದನ್ನೂ ಹೊಸ ಎತ್ತರಕ್ಕೆ ಹೊಂದಿಸಲು ಅದೇ ದಿನ ಹೇಳಿ.